ತೊಟ್ಟಿಯ ಮೀಸೆಮೀನು

ಮೀನುಮರಿ ತಂದ ಕೂಡಲೇ ಚೀಲ ಬಿಚ್ಚಿ ಕೆರೆಗೆ ಸುರಿಯುವವನು ಶುದ್ಧ ದಡ್ಡ. ಚೀಲದೊಳಗಿನ ನೀರಿನ ಹದ ಬೇರೆ, ಕೆರೆಯ ನೀರಿನ ಹದ ಬೇರೆ. ಗಂಟು ಬಿಚ್ಚದೆ ಚೀಲಗಳನ್ನು ಹಾಗೇ ಕೆರೆಯ ಮೇಲೆ ತೇಲಿಬಿಟ್ಟು, ಒಳಗಿನ ನೀರು ಹೊರಗಿನ ನೀರಿಗೆ ಒಗ್ಗುವ ತನಕ ಕಾಯಬೇಕು. ಕಾಯುವುದೆಂದರೆ ಅಫ್ಸರನಿಗೆ ಹುಟ್ಟಿನಿಂದಲೂ ಆಗದ ಕೆಲಸ. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದಾಗ ಅರ್ಧ ಪೀರಿಯಡ್ಡೂ ಕಾಯದೆ ಕಿಟಕಿ ಹಾರಿದವನು ಮತ್ತೆ ಶಾಲೆಯ ಕಡೆ ತಲೆ ಹಾಕಿರಲಿಲ್ಲ. ಚಳ್ಳಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಆಟೊದವರು ಅವನ ಜೊತೆ ಸಾಲಿನ ವಿಚಾರಕ್ಕೆ ಜಗಳವಾಡುವುದನ್ನೇ ಬಿಟ್ಟಿದ್ದರು. ಆದರೆ ಮೀನುಮರಿಗಾಗಿ ಮಾತ್ರ ಅವನು ಕಾಯುತ್ತಿದ್ದ, ಲುಂಗಿ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿನಲ್ಲಿ, ತಣ್ಣಗೆ.

ಆವತ್ತು ನಿಂತಿದ್ದದ್ದು ಚಳ್ಳಕೆರೆಯಿಂದಾಚೆ, ತೆಲುಗು ಸೀಮೆಯ ಅಂಚಿನ ಸಿದ್ದಾಪುರದ ಕಡೆಯ ಹುಣಸೆಕಟ್ಟೆ ಕೆರೆಯಲ್ಲಿ. ವರ್ಷಗಟ್ಟಲೆ ಬಿರಿದುಕೊಂಡು ಬಿದ್ದಿದ್ದ ಕೆರೆ ಈ ಸಲ ಕೋಡಿ ಮುಟ್ಟಿತ್ತು. ಊರಿನ ಮೀನುಗಾರರ ಸಂಘಕ್ಕೆ ಜೀವ ಬಂದಿತ್ತು. ಏರಿಯ ಮೇಲೆ ಶಾಮಿಯಾನ ಹಾಕಿ, ಮೈಕು ಕಟ್ಟಿ, ಬಾಳೆಕಂದು ನೆಟ್ಟಿದ್ದರು. ಮರಿ ಬಿಡುವ ಶಾಸ್ತ್ರಕ್ಕೆ ತಾಲೂಕು ಪಂಚಾಯ್ತಿ ಮೆಂಬರೊಬ್ಬರು ಬರುವುದಿತ್ತು. ಮರಿ ತಂದುಕೊಡುವ ಕೆಲಸ ಅಫ್ಸರನದು. ಅವನ ಗೂಡ್ಸ್ ಆಟೊ ಒದ್ದೆ ಗೋಣಿಚೀಲ ಹೊದ್ದುಕೊಂಡು ಹುಣಸೆಮರದ ಕೆಳಗೆ ನಿಂತಿತ್ತು.

ಅಫ್ಸರ್ ಒಂದು ಚೀಲವನ್ನು ಬಿಸಿಲಿಗೆ ಎತ್ತಿ ಹಿಡಿದ. ಕಾಟ್ಲಾ, ರೋಹು ಮರಿಗಳು ತೆಳ್ಳಗೆ ಹೊಳೆದವು. ಅವುಗಳ ಕೆಳಗೆ, ಚೀಲದ ತಳದಲ್ಲಿ, ಕಪ್ಪಗೆ ಏನೋ ಹೊರಳಿತು. ಚಪ್ಪಟೆ ತಲೆ. ಬಾಯಿಯ ಎರಡೂ ಬದಿಗೆ ಮೀಸೆ.

ಇನ್ನೊಂದು ಚೀಲ ಎತ್ತಿದ. ಅದರಲ್ಲೂ ಇದ್ದವು. ಮೂರನೆಯದರಲ್ಲಿ ಇರಲಿಲ್ಲ. ಅದರಾಚೆಯದರಲ್ಲಿ ಮತ್ತೆ ಇದ್ದವು.

ಅವನ ಕಿವಿ ಬಿಸಿಯಾಯಿತು. ಯಾವಾಗಲೂ ಮರಿ ಕೊಡುತ್ತಿದ್ದ ಕಡೆ ಈ ಸಲ ಖಾಲಿಯಾಗಿತ್ತು. ಡ್ಯಾಮಿನ ಕಡೆಯ ಚಿನ್ನಯ್ಯ ಅನ್ನುವವನ ಶೆಡ್ಡಿಗೆ ಹೋಗಿ, ಬೆಳಗಿನ ಜಾವದ ಮಬ್ಬಿನಲ್ಲಿ ಒಂದೇ ಒಂದು ಬಲ್ಬಿನ ಕೆಳಗೆ ಚೀಲ ತುಂಬಿಸಿಕೊಂಡು ಬಂದಿದ್ದ. ಕಣ್ಣಿಟ್ಟು ನೋಡಿರಲಿಲ್ಲ.

"ಚಿನ್ನಯ್ಯಾ, ನಿನ್ ಮನೆ ಹಾಳಾಗ," ಎಂದು ನೀರಿಗೆ ಉಗಿದ.

"ಏನಲೇ ಅಫ್ಸರ್, ಮರಿಗಳ ಜೊತೆ ಮಾತಾಡ್ತಿದೀಯಾ?" ಏರಿಯ ಮೇಲಿಂದ ಸಂಘದ ಅಧ್ಯಕ್ಷ ಕೊಟ್ಟೂರಪ್ಪ ಕೂಗಿದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಎರಡು ಫೋನು. "ಮೆಂಬರು ಹಾನಗಲ್ ದಾಟ್ಯಾರಂತೆ. ಬಿಚ್ಚು ಗಂಟು."

"ಬಿಚ್ಚಲ್ಲ ಅಣ್ಣ."

"ಯಾಕೆ, ನೀರು ಇನ್ನೂ ಒಗ್ಗಿಲ್ವಾ?"

"ನೀರು ಒಗ್ಗೈತೆ. ನನಗೆ ಒಗ್ಗಿಲ್ಲ. ಇದ್ರಾಗೆ ಕ್ಯಾಟ್‌ಫಿಶ್ ಬೆರೆತೈತೆ. ಒಂದು ಮರಿ ಕೆರೆಗಿಳಿದ್ರೂ ನಿಮ್ಮ ಕೆರೆ ಮುಗೀತು ಅಂತ ತಿಳ್ಕ."

ಕ್ಯಾಟ್‌ಫಿಶ್ ಅಂದರೆ ಏನೆಂದು ಕೊಟ್ಟೂರಪ್ಪನಿಗೆ ಗೊತ್ತಿತ್ತು. ಹೊರದೇಶದ ಮೀನು, ಸರ್ಕಾರ ಬೇಡ ಎಂದಿರುವ ಮೀನು. ಅವನ ಮುಖ ಒಂದು ಕ್ಷಣ ಬಾಡಿತು. ಆದರೆ ಅವನು ಬಾಯಿ ತೆರೆಯುವ ಮೊದಲೇ ದೊಡ್ಡೀರಪ್ಪ ಕೋಲೂರಿಕೊಂಡು ನೀರಿಗೆ ಇಳಿದುಬಿಟ್ಟಿದ್ದ.

ದೊಡ್ಡೀರಪ್ಪ ಆ ಊರಿನ ಹಿರಿಯ. ಹರೆಯವೆಲ್ಲ ದನ ಕಾಯುತ್ತ ಗುಡ್ಡ ಸುತ್ತಿದವನು. ಈಗ ಮಂಡಿ ಹಿಡಿದುಕೊಂಡು ಏರಿಯ ಮೇಲೆ ಕೂತು, ಕೆರೆಗೆ ಯಾರು ಇಳಿದರೂ ಬೈಯುತ್ತಿದ್ದ. ಮನೆಯಲ್ಲಿ ತೆಲುಗು, ಊರಲ್ಲಿ ಕನ್ನಡ. ಸಿಟ್ಟು ಬಂದರೆ ಕನ್ನಡ, ಖುಷಿಯಾದರೆ ತೆಲುಗು. ಅವನು ಚೀಲಕ್ಕೆ ಮುಖ ತಾಗಿಸಿ ನೋಡಿದ. ನೋಡುತ್ತ ನೋಡುತ್ತ ಅವನ ಬೊಚ್ಚುಬಾಯಿ ಅಗಲವಾಯಿತು.

"ಒಚ್ಚಿನಾಯಿ ರಾ!" ಎಂದು ಕೂಗಿದ. "ಬಂದ್ವಲ್ಲೋ! ನಮ್ಮ ಮೀಸೆಮೀನು ಬಂದ್ವಲ್ಲೋ!"

ಶಾಮಿಯಾನದ ಕೆಳಗಿದ್ದವರೆಲ್ಲ ಎದ್ದು ಬಂದರು. ದೊಡ್ಡೀರಪ್ಪನ ಮೀಸೆಮೀನಿನ ಕಥೆ ಊರಿಗೆಲ್ಲ ಬಾಯಿಪಾಠ. ಅವನ ಕಾಲದಲ್ಲಿ ಮೊದಲ ಮಳೆ ಬಿದ್ದ ರಾತ್ರಿ ಆ ಮೀನುಗಳು ಕೆರೆ ಬಿಟ್ಟು ಒದ್ದೆ ಹುಲ್ಲಿನ ಮೇಲೆ ತೆವಳಿಕೊಂಡು ಗದ್ದೆಗೆ ಹೋಗುತ್ತಿದ್ದವಂತೆ. ಬಾಣಂತಿಯರಿಗೆ ಅದರ ಸಾರು ಕೊಡುತ್ತಿದ್ದರಂತೆ. ಬೇಸಿಗೆಯಲ್ಲಿ ಕೆಸರಿನೊಳಗೆ ಸೇರಿಕೊಂಡು ಮುಂದಿನ ಮಳೆಗೆ ಕಾಯುತ್ತಿದ್ದವಂತೆ. ಆಮೇಲೊಂದು ವರ್ಷ ಸಂಘದವರೇ, ಕಾಟ್ಲಾ ಬಿಡುವ ಮೊದಲು ಕೆರೆ ಚೊಕ್ಕ ಆಗಲಿ ಎಂದು, ಬತ್ತಿ ಉಳಿದ ಕೊನೆಯ ಮಡುವಿಗೆ ಬ್ಲೀಚಿಂಗ್ ಪೌಡರ್ ಸುರಿದಿದ್ದರು. ಎಲ್ಲ ಸತ್ತ ಮೇಲೆ ಗೆಂಡೆ, ಕೊರವದಂಥ ನಾಡಮೀನುಗಳು ಹಳ್ಳದಿಂದ ಮತ್ತೆ ಬಂದವು. ಮೀಸೆಮೀನು ಬರಲಿಲ್ಲ.

"ತಾತ, ಇದು ನಿಮ್ಮದಲ್ಲ," ಎಂದ ಅಫ್ಸರ್. "ಇದು ಕ್ಯಾಟ್‌ಫಿಶ್. ಹೊರದೇಶದ್ದು, ಬ್ಯಾರೆ ಜಾತಿ."

"ಮೀಸೆ ಐತಲ್ಲೋ!"

"ಮೀಸೆ ಇದ್ದೋರೆಲ್ಲ ನಿಮ್ಮೂರೋರೇನಾ? ನನಗೂ ಐತೆ."

ಜನ ನಕ್ಕರು. ದೊಡ್ಡೀರಪ್ಪ ನಗಲಿಲ್ಲ. "ನಮ್ಮ ಮೀನನ್ನ ನೀನು ನೋಡಿದೀಯಾ?"

ಸುಳ್ಳು ಹೇಳಲು ಅಫ್ಸರನಿಗೆ ಬರುತ್ತಿರಲಿಲ್ಲ. ಬಂದಿದ್ದರೆ ಎಷ್ಟೋ ಜಗಳ ತಪ್ಪುತ್ತಿದ್ದವು. "ಇಲ್ಲ," ಎಂದ.

"ನಾನು ನೋಡೀನಿ. ಹಿಡಿದೀನಿ. ತಿಂದೀನಿ. ನೀನು ಹುಟ್ಟೋಕಿಂತ ಮೊದ್ಲಿನ ಮಾತು. ಈಗ ಬಿಚ್ಚು."

"ಹೌದಪ್ಪ, ಬಿಚ್ಚು," ಎಂದಳು ದುರುಗಕ್ಕ. ಕೆರೆಯ ಮೀನನ್ನು ಬುಟ್ಟಿಯಲ್ಲಿ ಹೊತ್ತು ಬಸ್ ಹತ್ತಿ ಮಾರಿ ಬರುವವಳು ಅವಳೇ. ಸಂಘದಲ್ಲಿ ಅವಳ ಮಾತಿಗೆ ತೂಕವಿತ್ತು. "ನೀನೇ ತಂದು ನೀನೇ ಬ್ಯಾಡ ಅಂತೀಯಲ್ಲ, ಹೆಣ್ಣು ನೋಡಕ್ ಬಂದು ಚಾ ಸರಿಯಿಲ್ಲ ಅನ್ನೋನಂಗೆ. ತಾತ ಎಷ್ಟು ವರ್ಷದಿಂದ ಕಾಯ್ತಿದ್ದ ನೋಡು."

ಕೊಟ್ಟೂರಪ್ಪನ ಮುಖಕ್ಕೂ ಬಣ್ಣ ಮರಳಿತು. ಊರ ಹಿರಿಯನೇ ನಮ್ಮದು ಎಂದ ಮೇಲೆ ಇನ್ನೇನು? ಸಂಘ ಕಳೆದಿದ್ದನ್ನು ಸಂಘವೇ ಮರಳಿ ತಂದಿತು ಎಂದು ಮೈಕಿನಲ್ಲಿ ಹೇಳಬಹುದು. "ಇಳೀರಪ್ಪ, ಚೀಲ ಬಿಚ್ಚೋಣ," ಎಂದು ಪಂಚೆ ಎತ್ತಿ ಕಟ್ಟಿದ.

ಅಫ್ಸರ್ ಆಟೊದ ಹಗ್ಗ ತಂದು ಚೀಲಗಳ ಕುತ್ತಿಗೆಗೆಲ್ಲ ಒಂದೇ ಗಂಟು ಬಿಗಿದು ತನ್ನ ಸೊಂಟಕ್ಕೆ ಸುತ್ತಿಕೊಂಡ.

"ಇದೇನಲೇ?"

"ಬಿಚ್ಚೋರು ಮೊದ್ಲು ನನ್ನ ಬಿಚ್ಚಲಿ. ಅಣ್ಣ, ಹೋದ ಬೇಸಿಗೇಲಿ ನಮ್ಮ ಅಬ್ಬಾನ ಜೊತೆ ಒಂದು ಹೊಂಡದ ಮೋಟ್ರು ರಿಪೇರಿಗೆ ಹೋಗಿದ್ದೆ. ಕದ್ದು ಕ್ಯಾಟ್‌ಫಿಶ್ ಸಾಕೋ ಹೊಂಡ. ಕೋಳಿ ಅಂಗಡಿ ಕಸ ತಂದು ಸುರೀತಾರೆ, ನೀರು ಕುದಿಯೋ ಸಾರಿನಂಗೆ ಏಳ್ತಿತ್ತು. ಒಂದು ಕಪ್ಪೆ ಬಿತ್ತು, ಕಾಣಲೇ ಇಲ್ಲ. ಆ ಹೊಂಡದಾಗೆ ಬ್ಯಾರೆ ಒಂದು ಜೀವ ಇರ್ಲಿಲ್ಲ ಅಣ್ಣ. ಒಂದು ಗೆಂಡೆ ಇಲ್ಲ, ಒಂದು ಸೀಗಡಿ ಇಲ್ಲ. ನಾಳೆ ಇಲ್ಲೂ ಹಂಗೇ. ನೀವು ಬಿಡೋ ಕಾಟ್ಲಾನೂ ಅವೇ ತಿಂತಾವೆ. ದುರುಗಕ್ಕ ಬುಟ್ಟೀಲಿ ಏನು ಹೊರ್ತಾಳೆ?"

"ತಾತ ಸುಳ್ಳು ಹೇಳ್ತಾನೇನು ಹಂಗಾರೆ?" ಎಂದಳು ದುರುಗಕ್ಕ.

ಅಫ್ಸರ್ ದೊಡ್ಡೀರಪ್ಪನ ಕಡೆ ನೋಡಿದ. ಮುದುಕ ಇನ್ನೂ ಚೀಲದ ಮೇಲೆ ಅಂಗೈ ಇಟ್ಟುಕೊಂಡೇ ನಿಂತಿದ್ದ, ಕರುವಿನ ಮೈ ಸವರುವವನಂತೆ. ಅಫ್ಸರನಿಗೆ ಚಿನ್ನಯ್ಯನ ಮೇಲೆ ಇದ್ದ ಸಿಟ್ಟು ಇಮ್ಮಡಿಯಾಯಿತು. ಕೆರೆಗೆ ಮೋಸ ಮಾಡಿದ್ದು ಒಂದು. ಈ ಮುದುಕನ ಕೈಗೆ ಇಂಥದ್ದೊಂದು ಆಸೆ ಕೊಟ್ಟಿದ್ದು ಇನ್ನೊಂದು.

"ಸುಳ್ಳು ಅಂದಿಲ್ಲ ಅಕ್ಕ. ತಾತಂದೇ ಸರಿ ಇರ್ಬೋದು, ನಂದೂ ಸರಿ ಇರ್ಬೋದು. ಆದ್ರೆ ತಪ್ಪಾದ್ರೆ ಕೆರೆಯಿಂದ ವಾಪಸ್ ತೆಗೆಯೋಕಾಗುತ್ತಾ? ತೊಟ್ಟಿಯಿಂದ ತೆಗೀಬೋದು." ಅವನು ಕೊಳವೆಬಾವಿಯ ಪಕ್ಕ ಆಡು ನೀರು ಕುಡಿಯುವ ಸಿಮೆಂಟ್ ತೊಟ್ಟಿಯತ್ತ ಕೈ ತೋರಿಸಿದ. "ಮೀಸೆ ಇರೋದನ್ನೆಲ್ಲ ಆರಿಸಿ ಅದರಾಗೆ ಬಿಡೋಣ. ಸಂಜೆ ತನಕ ಇರ್ಲಿ. ತಾತಾನೇ ಕಾಯ್ಲಿ, ತಾತಾನೇ ಹೇಳ್ಲಿ. ತಾತ ನಮ್ಮದು ಅಂದ್ರೆ ನಾನೇ ನನ್ನ ಕೈಯಾರೆ ಕೆರೆಗೆ ಬಿಡ್ತೀನಿ. ಆಮೇಲೆ ಈ ತಾಲೂಕಲ್ಲಿ ಯಾವ ಕೆರೆಗೂ ಮರಿ ತರಲ್ಲ."

ಅವನ ಅಬ್ಬಾ ಶರೀಫ್ ಸಾಬ್ ಪಂಪ್‌ಸೆಟ್ ಮೆಕ್ಯಾನಿಕ್. ಯಾವ ಹೊಲಕ್ಕೆ ಹೋದರೂ ಮೋಟ್ರನ್ನು ಮೊದಲು ಡ್ರಮ್ಮಿನ ನೀರಿನಲ್ಲಿ ಓಡಿಸಿ ನೋಡುತ್ತಿದ್ದರೇ ಹೊರತು ನೇರ ಬಾವಿಗೆ ಇಳಿಸುತ್ತಿರಲಿಲ್ಲ. ಅಫ್ಸರ್ ಅದನ್ನು ಎಷ್ಟೋ ಸಲ ಹೊತ್ತು ಹಾಳು ಎಂದು ಗೊಣಗಿದ್ದ. ಈಗ ಅದೇ ಅವನ ಬಾಯಲ್ಲಿ ತನ್ನದೇ ಮಾತಿನಂತೆ ಬಂದಿತ್ತು.

ದೊಡ್ಡೀರಪ್ಪ ಕೋಲಿನಿಂದ ನೀರಿಗೆ ಒಂದು ಏಟು ಹಾಕಿದ. "ಆಗ್ಲಿ ಅಬ್ಬಯ್ಯ," ಎಂದ, ತೆಲುಗಿನವರು ಹುಡುಗರನ್ನು ಕರೆಯುವ ಹಾಗೆ. "ಆದ್ರೆ ಸಂಜೆ ನೀನು ಸೋತ್ರೆ, ಇದೇ ಕೆರೆಗೆ ನಿನ್ನನ್ನೂ ಬಿಡ್ತೀನಿ."

"ಈಜು ಬರ್ತೈತೆ ತಾತ."

ಅಷ್ಟರಲ್ಲಿ ಕಾರಿನ ಧೂಳು ಕಂಡಿತು. ಕೊಟ್ಟೂರಪ್ಪ ತಲೆ ಮೇಲೆ ಕೈ ಹೊತ್ತ. "ಮೆಂಬರಿಗೆ ಏನು ಕೊಡ್ಲಿ, ಖಾಲಿ ಬಿಂದಿಗೇನಾ?"

ಅಫ್ಸರ್ ಹಗ್ಗ ಸಡಿಲಿಸಿ ಮೀಸೆ ಇಲ್ಲದ ಆ ಮೂರನೆಯ ಚೀಲವನ್ನು ಬಕೆಟ್ಟಿಗೆ ಸುರಿದು, ಬೊಗಸೆ ಬೊಗಸೆಯಾಗಿ ಎತ್ತಿ ನೋಡಿ, ಬರೀ ಕಾಟ್ಲಾ ಎಂದು ಖಾತ್ರಿಯಾದ ಮೇಲೆ ಹಿತ್ತಾಳೆ ಬಿಂದಿಗೆಗೆ ತುಂಬಿದ. ಮೆಂಬರು ಬಂದರು. ಹಾರ ಹಾಕಿಸಿಕೊಂಡರು. ಬಿಂದಿಗೆ ಬಗ್ಗಿಸಿದರು. ಫೋಟೊದಲ್ಲಿ ಮರಿ ಕಾಣಲಿಲ್ಲವೆಂದು ಇನ್ನೊಂದು ಸಲ ಬಗ್ಗಿಸುವ ಶಾಸ್ತ್ರ ಮಾಡಿದರು. ಸೊಂಟಕ್ಕೆ ಚೀಲ ಕಟ್ಟಿಕೊಂಡು ನೀರಿನಲ್ಲಿ ನಿಂತಿದ್ದ ಹುಡುಗ ಯಾರೆಂದು ಕೇಳಿದರು. "ನಮ್ಮ ಮೀನಿನ ತಜ್ಞರು ಸಾರ್," ಎಂದ ಕೊಟ್ಟೂರಪ್ಪ, ಹಲ್ಲು ಕಚ್ಚಿಕೊಂಡು. ಮಂಡಕ್ಕಿ, ಮಿರ್ಚಿ ಮುಗಿಸಿ ಕಾರು ಹೋಯಿತು.

ಆಮೇಲೆ ನಿಜವಾದ ಕೆಲಸ ಶುರುವಾಯಿತು. ದುರುಗಕ್ಕ ಸೊಳ್ಳೆಪರದೆ ತರಿಸಿ ಟಬ್ಬುಗಳ ಬಾಯಿಗೆ ಕಟ್ಟಿಸಿದಳು. ಬೈದರೂ ಕೆಲಸಕ್ಕೆ ಮೊದಲು ಕೂತವಳು ಅವಳೇ. ಹೆಂಗಸರು ಸುತ್ತ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವ ಕೈಯಿಂದಲೇ ಮರಿ ಆರಿಸಿದರು. ನುಣ್ಣನೆಯದು ಈ ಕಡೆ, ಮೀಸೆಯದು ಆ ಕಡೆ. ಕೆಲವು ಕಾಟ್ಲಾ ಮರಿಗಳ ಬಾಲ ಚೀಲದೊಳಗೇ ಯಾವುದೋ ಕಚ್ಚಿ ತಿಂದಂತೆ ತುಂಡಾಗಿತ್ತು. ದುರುಗಕ್ಕ ಅಂಥದ್ದೊಂದನ್ನು ಬೆರಳ ತುದಿಯಲ್ಲಿ ಹಿಡಿದು ಅಫ್ಸರನಿಗೆ ತೋರಿಸಿದಳು.

ಆರಿಸಿ ಮುಗಿದ ಕಾಟ್ಲಾ, ರೋಹುವನ್ನೆಲ್ಲ ಮತ್ತೆ ನೀರಿಗೆ ಒಗ್ಗಿಸಿ, ಮಧ್ಯಾಹ್ನ ದಾಟುವ ಹೊತ್ತಿಗೆ ಕೆರೆಗೆ ಬಿಟ್ಟರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಫೋಟೊ ಹಿಡಿಯಲಿಲ್ಲ. ಮರಿಗಳು ಒಂದೇ ಹಿಂಡಾಗಿ ಆಳಕ್ಕೆ ತಿರುಗಿದವು.

ತೊಟ್ಟಿಯ ಬಳಿ ದೊಡ್ಡೀರಪ್ಪ ಕಂಬಳಿ ಹಾಸಿಕೊಂಡು ಕೂತಿದ್ದ. ತೊಟ್ಟಿಯೊಳಗೆ ಮೀಸೆಮರಿಗಳು ಕರ್ರಗೆ ಸುತ್ತುತ್ತಿದ್ದವು. ಅವನು ಅವುಗಳಿಗೆ ನೆರಳಾಗಲೆಂದು ಲಕ್ಕಿಗಿಡದ ಕೊಂಬೆ ಮುರಿದು ಮೇಲೆ ಹಾಸಿದ್ದ. ಅಳಿಯ ಮಾರುತೇಶ ಆಡು ಹೊಡೆದುಕೊಂಡು ಬಂದರೆ ಕೋಲು ಬೀಸಿದ.

"ಮಾವ, ಆಡು ನೀರು ಕುಡೀಬೇಕು."

"ಕೆರೆ ತುಂಬೈತಲ್ಲೋ, ಅಲ್ಲಿ ಕುಡಿಸು."

"ಕೆರೆ ದಂಡೇಲಿ ಕೆಸರೈತೆ ಮಾವ, ಇವು ಕಾಲಿಡಲ್ಲ. ಮಹಾರಾಣಿಗಳು."

"ಹಂಗಾರೆ ಹೊತ್ಕೊಂಡು ಹೋಗು."

ಅಫ್ಸರ್ ಆಟೊದೊಳಗೆ ಬಿದ್ದುಕೊಂಡು ಚಿನ್ನಯ್ಯನಿಗೆ ಫೋನು ಹಚ್ಚಿದ. "ಅದೊಂದೆರಡು ಬೆರೆತಿರ್ತಾವಪ್ಪ, ಬೇಗ ಬೆಳೀತಾವೆ, ಹಳ್ಳಿಯೋರಿಗೆ ಲಾಭಾನೇ," ಎಂದ ಚಿನ್ನಯ್ಯ. ಅಫ್ಸರ್ ಅವನಿಗೆ ಕನ್ನಡದಲ್ಲಿ ಶುರು ಮಾಡಿ, ಉರ್ದುವಿನಲ್ಲಿ ಮುಂದುವರಿಸಿ, ದಾರಿಯಲ್ಲಿ ಕಲಿತಿದ್ದ ತೆಲುಗಿನಲ್ಲಿ ಮುಗಿಸಿದ. ಕೊನೆಗೆ ಮಾತ್ರ ನಿಧಾನವಾಗಿ ಹೇಳಿದ: "ಈ ಮರಿಗಳ ಫೋಟೊ ತೆಗ್ದಿದೀನಿ. ನಾಳೆ ಮೀನುಗಾರಿಕೆ ಆಫೀಸಿಗೂ ಹೋಗ್ತೈತೆ, ನಾನು ಮರಿ ಕೊಡೋ ಎಲ್ಲ ಸಂಘಕ್ಕೂ ಹೋಗ್ತೈತೆ. ನಾನು ತಂದಿದ್ದು ಅಂತಾನೂ ನಾನೇ ಹೇಳ್ತೀನಿ. ನೀನು ನಿನ್ನ ಬಾಗ್ಲು ನೋಡ್ಕೊ." ಫೋನು ಇಟ್ಟ ಮೇಲೂ ಅವನ ಕಣ್ಣು ತೊಟ್ಟಿಯ ಕಡೆಗೇ ಹೋಗುತ್ತಿತ್ತು. ಸಂಜೆ ಮುದುಕ ಒಂದು ಮಾತು ನಮ್ಮದು ಅಂದುಬಿಟ್ಟರೆ, ಕೊಟ್ಟ ಮಾತಿನಂತೆ ಈ ದರಿದ್ರವನ್ನು ತನ್ನ ಕೈಯಾರೆ ಕೆರೆಗೆ ಬಿಡಬೇಕಲ್ಲ ಎಂದು.

ಬಿಸಿಲು ಬಂಡೆಗುಡ್ಡದ ಹಿಂದೆ ಇಳಿಯಿತು. ದೊಡ್ಡೀರಪ್ಪ ಕೂಗಲಿಲ್ಲ, ಕೋಲು ಎತ್ತಿ ಒಮ್ಮೆ ಆಡಿಸಿದ. ಅಫ್ಸರ್ ಎದ್ದು ಹೋದ. ಕೊಟ್ಟೂರಪ್ಪ, ದುರುಗಕ್ಕ ಹಿಂದೆಯೇ ಬಂದರು.

ದೊಡ್ಡೀರಪ್ಪ ಕೊಂಬೆ ಸರಿಸಿದ. ಮಧ್ಯಾಹ್ನ ತೊಟ್ಟಿಯ ತಳ ಕಾಣದಷ್ಟು ಇದ್ದ ಮರಿಗಳು ಈಗ ತೆಳುವಾಗಿದ್ದವು. ಉಳಿದವುಗಳ ಹೊಟ್ಟೆ ಉಬ್ಬಿತ್ತು. ಮೂಲೆಯಲ್ಲಿ ಒಂದು ಮರಿ ಅಲುಗಾಡದೆ ನಿಂತಿತ್ತು. ಅದರ ಬಾಯಿಂದ ಇನ್ನೊಂದು ಮರಿಯ ಬಾಲ ಹೊರಗೆ ನೇತಾಡುತ್ತಿತ್ತು. ಬಾಲ ಇನ್ನೂ ಅಲ್ಲಾಡುತ್ತಿತ್ತು.

"ಮಧ್ಯಾಹ್ನದಿಂದ ನೋಡ್ತಾನೇ ಇದೀನಿ," ಎಂದ ಮುದುಕ. "ಮೊದ್ಲು ನಂಬ್ಲಿಲ್ಲ. ಕಣ್ಣು ಮಂಜು ಅನ್ಕೊಂಡೆ. ನಮ್ಮದು ಹಸಿದ್ರೆ ಕೆಸರು ಕೆದಕ್ತಿತ್ತು, ಹುಳ ತಿಂತಿತ್ತು. ಮಡಿಕೇಲಿ ಹಾಕಿ ಎರಡು ದಿನ ಇಟ್ರೂ ಒಂದಕ್ಕೊಂದು ಮೈ ತಾಗಿಸ್ಕೊಂಡು ಮಲಗಿರ್ತಿದ್ವು. ಜೊತೆಗಾರನ್ನ ತಿಂದಿದ್ದು ನಾನು ಕಂಡಿಲ್ಲ." ಕೊಂಬೆಯನ್ನು ಆಚೆ ಎಸೆದು, ಕನ್ನಡದಲ್ಲೇ ಹೇಳಿದ, "ಇದು ನಮ್ಮದಲ್ಲ."

ಅಫ್ಸರ್ ಬೆಳಗಿನಿಂದ ಒಂದು ಮಾತು ಸಿದ್ಧ ಮಾಡಿ ಇಟ್ಟುಕೊಂಡಿದ್ದ. ಗೆದ್ದ ಮೇಲೆ ಎಲ್ಲರ ಮುಖಕ್ಕೆ ಹೊಡೆದಂತೆ ಹೇಳುವ ಮಾತು. ಅದನ್ನು ನುಂಗಿಕೊಂಡ. ಜೀವಮಾನದಲ್ಲಿ ಅವನು ನುಂಗಿದ ಮೊದಲ ಮಾತು ಅದೇ ಇರಬೇಕು.

"ಹಂಗಾರೆ ನೀರು ಬಿಟ್ಟು ತೊಳೀತೀನಿ, ಆಡು ಒದ್ದಾಡ್ತಿದಾವೆ," ಎನ್ನುತ್ತ ಮಾರುತೇಶ ಬಗ್ಗಿ ತೊಟ್ಟಿಯ ತಳದ ಬೂಚು ಎಳೆದುಬಿಟ್ಟ.

"ಲೇ! ಬ್ಯಾಡ!"

ಅಫ್ಸರ್ ಹಾರಿ ಅಂಗೈಯಿಂದ ತೂತು ಮುಚ್ಚಿದ. ಆದರೆ ಒಂದು ಗುಕ್ಕು ನೀರು ಆಗಲೇ ಹೊರಬಿದ್ದಿತ್ತು. ತೊಟ್ಟಿಯ ನೀರು ಹರಿಯುವ ಕಾಲುವೆ ನೇರ ಕೆರೆಗೆ. ಆ ನೀರಿನ ಜೊತೆ ಕಪ್ಪಗಿನದೊಂದು ಜಾರಿ, ಒದ್ದೆ ಮಣ್ಣಿನ ಮೇಲೆ ಮೈ ತಿರುಚಿಕೊಂಡು, ದಾರಿ ಗೊತ್ತಿರುವುದರಂತೆ ಕೆರೆಯ ಕಡೆಗೇ ತೆವಳಿತು. ದುರುಗಕ್ಕ ಸೆರಗು ಎಸೆದಳು, ತಪ್ಪಿತು. ಕೊಟ್ಟೂರಪ್ಪ ಬಿಳಿ ಶರ್ಟಿನ ಸಮೇತ ಕೆಸರಿಗೆ ಬಿದ್ದ, ಅವನ ಬೆರಳ ಸಂದಿನಿಂದಲೂ ಜಾರಿತು. ಅಫ್ಸರ್ ಕೈ ತೆಗೆಯುವಂತಿರಲಿಲ್ಲ.

ಕೆರೆಯ ನೀರಿಗೆ ಇನ್ನೊಂದು ಮೊಳ ಇರುವಾಗ ದೊಡ್ಡೀರಪ್ಪನ ಕೋಲು ಬಿತ್ತು. ಒಂದೇ ಏಟು.

ಮುದುಕ ಏದುಸಿರು ಬಿಡುತ್ತ ಅದನ್ನೇ ನೋಡುತ್ತ ನಿಂತ. ಆಮೇಲೆ ಅಳಿಯನ ಕಡೆ ತಿರುಗಿದ. "ಸುಣ್ಣ ತಗಂಬಾ. ಗುಂಡಿ ತೋಡು. ಏರಿಯಿಂದ ಆಚೆ, ದೂರ."

ಬೂಚು ಮತ್ತೆ ಬಿಗಿದು, ತೊಟ್ಟಿಯಲ್ಲಿದ್ದವನ್ನೆಲ್ಲ ಪರದೆಯಲ್ಲಿ ಬಳಿದು, ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ, ತೊಟ್ಟಿಯ ನೀರನ್ನೂ ಬಕೆಟ್ಟಿನಲ್ಲಿ ಎತ್ತಿ ಏರಿಯಾಚೆ ಚೆಲ್ಲಿದರು. ಕೊಟ್ಟೂರಪ್ಪ ಕೆರೆಯಲ್ಲಿ ಶರ್ಟು ತೊಳೆಯುತ್ತ, "ತಜ್ಞರೇ, ಇನ್ನೇನು ಅಪ್ಪಣೆ?" ಎಂದ. ಅಣಕವಾಡಿದ್ದ, ಆದರೆ ಬೆಳಗಿನ ಹಲ್ಲು ಕಚ್ಚುವಿಕೆ ಅದರಲ್ಲಿರಲಿಲ್ಲ.

"ಎರಡೇ ಮಾತು ಅಣ್ಣ. ಕೆರೆ ಬತ್ತಿದಾಗ ಕೊನೇ ಮಡುವಿಗೆ ಪೌಡರ್ ಹಾಕೋದು ಇವತ್ತಿಗೆ ನಿಲ್ಬೇಕು. ಆಮೇಲೆ ಹಳ್ಳ ಬಂದು ಕೆರೆಗೆ ಸೇರ್ತೈತಲ್ಲ, ಜೊಂಡು ಬೆಳೆದಿರೋ ಮೂಲೆ, ಅಲ್ಲಿ ಬಲೆ ಹಾಕಬಾರ್ದು. ಕಾಟ್ಲಾ ನಡುನೀರಾಗೆ ಬೆಳೀತಾವೆ, ಅಲ್ಲಿ ಎಷ್ಟು ಬೇಕೋ ಹಿಡೀರಿ. ಗೆಂಡೆ, ಕೊರವ ಆ ಮೂಲೇಲಿ ಮರಿ ಮಾಡ್ಕೊಳ್ಳಿ."

"ಒಂದು ಮೂಲೆ ಬಿಟ್ರೆ ಸಂಘಕ್ಕೆ ಕಮ್ಮಿ ಆಗಲ್ವೇನಲೇ?"

ಉತ್ತರ ಕೊಟ್ಟವಳು ದುರುಗಕ್ಕ. "ನೀನು ಯಾವತ್ತು ಬುಟ್ಟಿ ಹೊತ್ತಿದೀಯ ಕೊಟ್ಟೂರಪ್ಪಣ್ಣ? ಸಂತೇಲಿ ಜನ ಮೊದ್ಲು ಕೈ ಹಾಕೋದೇ ಕೊರವಕ್ಕೆ, ಗೆಂಡೆಗೆ. ಅವು ತೀರಿದ ಮೇಲೆ ನಿನ್ನ ಕಾಟ್ಲಾ. ಬಿಡು ಆ ಮೂಲೇನ. ಬಲೆ ತಗಂಡು ಆ ಕಡೆ ಹೋದೋನ ಕಾಲು ಮುರೀತೀನಿ."

ಕೊಟ್ಟೂರಪ್ಪ ಶರ್ಟು ಹಿಂಡಿ ಹೆಗಲಿಗೆ ಹಾಕಿಕೊಂಡ. "ಕಾಲು ಮುರಿಯೋದನ್ನ ಠರಾವಿಗೆ ಬರೆಯೋಕಾಗಲ್ಲಕ್ಕ. ಉಳಿದಿದ್ದು ಬರೆಸ್ತೀನಿ."

ಅಫ್ಸರ್ ಗೋಣಿಚೀಲ ಮಡಚಿ ಆಟೊಕ್ಕೆ ಹಾಕಿದ. ದೊಡ್ಡೀರಪ್ಪ ಖಾಲಿ ತೊಟ್ಟಿಯ ಅಂಚಿನ ಮೇಲೆ ಕೂತಿದ್ದ. ಆಡುಗಳು ಸುತ್ತ ನಿಂತು ಒಳಗೆ ಮೂಸಿ ನೋಡಿ, ಮೀನುವಾಸನೆಗೆ ಸೀನಿ, ಮುಖ ತಿರುಗಿಸಿದವು.

"ಅಬ್ಬಯ್ಯ, ನಮ್ಮದು ಎಲ್ಲಾದ್ರೂ ಉಳಿದಿರ್ತೈತಾ?"

"ಗೊತ್ತಿಲ್ಲ ತಾತ. ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲುಬಯಲಾಗೆ ಹಳೇ ಹೊಂಡಗಳವೆ, ಯಾರೂ ಮರಿ ಬಿಡದೇ ಇರೋವು, ಪೌಡರ್ ಕಾಣದೇ ಇರೋವು. ನಾನು ನೋಡಿದ್ರೆ ಗುರುತು ಸಿಗಲ್ಲ. ನೀನು ಬರ್ತೀಯಾ?"

"ನನ್ನ ಮಂಡಿ?"

"ಮಂಡಿಗೆ ಆಟೊ ಐತೆ."

ದೊಡ್ಡೀರಪ್ಪನ ಬೊಚ್ಚುಬಾಯಿ ಮತ್ತೆ ಅಗಲವಾಯಿತು. "ಸಿಕ್ಕಿದ್ರೆ ನೇರ ಕೆರೆಗೆ ಬಿಡೋದಾ?"

"ಮೊದ್ಲು ತೊಟ್ಟಿಗೆ."

"ಹೂಂ, ಮೊದ್ಲು ತೊಟ್ಟಿಗೆ. ನಾನು ಹೇಳಿದ್ರೂ ತೊಟ್ಟಿಗೇ." ಮುದುಕ ಎದ್ದು, ಆಡುಗಳ ನೀರಿಗೆಂದು ಕೊಳವೆಬಾವಿಯ ಸ್ವಿಚ್ಚಿನ ಕಡೆ ಹೊರಟಿದ್ದ ಮಾರುತೇಶನಿಗೆ ಕೋಲು ಅಡ್ಡ ಹಿಡಿದ. "ಲೇ, ಇದರಾಗೆ ಇನ್ನು ಆಡಿಗೆ ನೀರಿಲ್ಲ. ಇದು ಮೀನಿನ ತೊಟ್ಟಿ. ಯಾರು ಎಲ್ಲಿಂದ ಏನು ತಂದ್ರೂ ಇಲ್ಲಿ ಒಂದು ದಿನ ಈಜಿ, ನನಗೆ ಮುಖ ತೋರ್ಸಿ, ಆಮೇಲೆ ಕೆರೆಗೆ."

"ಮತ್ತೆ ಆಡಿಗೆ, ಮಾವ?"

"ಅಧ್ಯಕ್ಷರನ್ನ ಕೇಳು. ಇನ್ನೊಂದು ಕಟ್ಟಿಸ್ಲಿ. ಅದನ್ನೂ ಠರಾವಿಗೆ ಬರೆಸ್ಲಿ," ಎನ್ನುತ್ತ ದೊಡ್ಡೀರಪ್ಪ ತೊಟ್ಟಿಯೊಳಕ್ಕೆ ಬಗ್ಗಿ, ತಳದ ಬೂಚು ಬಿಗಿಯಾಗಿದೆಯೇ ಎಂದು ಕೋಲಿನ ತುದಿಯಿಂದ ಒತ್ತಿ ನೋಡಿದ.